ಹಿಂದಿನ ದಿನ ಅಗೆದ ಗೋಡೆ

ಹೆಸರು: ಯಾಖೆನ್ ಕ್ಲಾವುಟ್. ವಯಸ್ಸು: 58. ಕಸುಬು: ಬಡಗಿ; ಚಳಿಗಾಲದಲ್ಲಿ ಹಿಮ ವೀಕ್ಷಕ. ವಿಳಾಸ: ಮೇಲಿನ ಕೇರಿ, ತ್ಸರ್ನೋಲ್ ಗ್ರಾಮ, ಎಂಗಡೀನ್ ಕಣಿವೆ, ಸ್ವಿಟ್ಜರ್ಲೆಂಡ್.

ಮೇಲ್ಕಂಡ ನಾನು ಯಾರೂ ಕರೆಸದೆ ಠಾಣೆಗೆ ಬಂದು ಬರೆಸುವುದೇನೆಂದರೆ:

ಇದೇ ಫೆಬ್ರವರಿ 17ರಂದು ಹಿಮಕುಸಿತದಲ್ಲಿ ತೀರಿಕೊಂಡ ಪರ್ವತ ಮಾರ್ಗದರ್ಶಿ ಕುರ್ದಿನ್ ಕ್ಲಾವುಟ್, 51 ವರ್ಷ, ನನ್ನ ತಮ್ಮ. ಅವನು ಯಾರನ್ನೂ ಕೇಳದೆ ಇಳಿಜಾರಿಗೆ ಕಾಲಿಟ್ಟನೆಂದು ಊರಿನಲ್ಲಿ ಹೇಳುತ್ತಿದ್ದಾರೆ. ಅವನು ಕೇಳಿದ್ದ. ನನ್ನನ್ನೇ ಕೇಳಿದ್ದ.

ಅಂದು ಬೆಳಿಗ್ಗೆ 6.10ಕ್ಕೆ, ಮನೆಯಿಂದ 900 ಮೀಟರ್ ದೂರದಲ್ಲಿ ಹಿಮದ ಗಟ್ಟಿತನ ಪರೀಕ್ಷಿಸಲು ನಾನು ತೋಡಿಟ್ಟ ಗುಂಡಿಗೆ ಹೋದೆ. ಪ್ರತಿದಿನ ಹಳೆಯ ಗೋಡೆಯಿಂದ ಅರ್ಧ ಮೀಟರ್ ಹಿಂದಕ್ಕೆ ಅಗೆದು ಹೊಸ ಗೋಡೆ ತೆಗೆಯಬೇಕು. ಅದರಲ್ಲಿ ಹಿಮದ ಕಂಬವೊಂದನ್ನು ಕೊಯ್ದು, ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಸಲ ತಟ್ಟಬೇಕು. ಕಂಬ ಬೇಗ ಮುರಿದಷ್ಟೂ ಹಿಮ ಕುಸಿಯುವ ಅಪಾಯ ಹೆಚ್ಚು.

ಎರಡು ದಿನದಿಂದ ನನ್ನ ಬಲಭುಜ ನೋಯುತ್ತಿತ್ತು. ಅಗೆಯಲಿಲ್ಲ. ಹಿಂದಿನ ದಿನದ ಗೋಡೆಯಲ್ಲೇ ಕಂಬ ಕೊಯ್ದೆ. ರಾತ್ರಿ ಮೈನಸ್ 19 ಡಿಗ್ರಿ ಇತ್ತು. ತೆರೆದುಬಿಟ್ಟ ಗೋಡೆ ಚಳಿಗೆ ಗಟ್ಟಿಯಾಗುತ್ತದೆಂದು ಮೂವತ್ತೊಂದು ವರ್ಷದಿಂದ ನನಗೆ ಗೊತ್ತು. ಭುಜದಿಂದ ತಟ್ಟುವಾಗ ಕೈ ಪೂರ್ತಿ ಎತ್ತಲೂ ಆಗಲಿಲ್ಲ. ಕಂಬ ಇಪ್ಪತ್ತಾರನೇ ಪೆಟ್ಟಿಗೆ ಮುರಿಯಿತು. ದಿನದ ಪರೀಕ್ಷೆ ಬರೆದಿಡುವ ಪುಸ್ತಕದಲ್ಲಿ 26 ಎಂದು ಬರೆದೆ.

7.05ಕ್ಕೆ ಕುರ್ದಿನ್ ಫೋನ್ ಮಾಡಿದ. "ಏನಣ್ಣಾ, ಬಾಗಿಲು ತಟ್ಟಿದ್ಯಾ? ಒಳಗಿನೋರು ಏನಂದ್ರು?" ಎಂದ. ದಿನವೂ ಹೀಗೇ ಕೇಳುತ್ತಿದ್ದ.

"ಇಪ್ಪತ್ತಾರು ಸಲ ತಟ್ಟೋವರೆಗೂ ಏಳ್ಲಿಲ್ಲ ಕಣೋ. ಥೇಟ್ ನಿನ್ ಥರಾನೇ," ಎಂದೆ.

ಅವನು ನಕ್ಕ. ಸಂಜೆ ಬಾರ್ಲಿ ಸೂಪ್ ಮಾಡಿಡು, ಉಪ್ಪು ಮಾತ್ರ ನೀನು ಹಾಕಬೇಡ ಎಂದ. ಗೋಡೆ ಹಳೆಯದೆಂದು ನಾನು ಹೇಳಲಿಲ್ಲ.

ಅವನ ಜೊತೆ ಹೋಗಿದ್ದವರು ಶಾಲಾ ಶಿಕ್ಷಕಿ ಲದೀನಾ ಬಿಷೋಫ್, 34 ವರ್ಷ. 10.25ಕ್ಕೆ ಅವರನ್ನು ಬಂಡೆಯ ಬಳಿ ನಿಲ್ಲಿಸಿ ಕುರ್ದಿನ್ ಮೊದಲು ಇಳಿಜಾರನ್ನು ದಾಟಲು ಹೊರಟ. ಗಾಳಿ ತಂದು ಸುರಿದ ಹಿಮ ಕಂಡು ಆಕೆ ವಾಪಸ್ ಹೋಗೋಣ ಎಂದರಂತೆ. ಅದಕ್ಕೆ ಅವನು, "ನಮ್ಮಣ್ಣ ತಟ್ಟಿ ನೋಡಿದಾನೆ ಮೇಡಂ. ಆ ಮುದುಕ ಒಂದ್ ದಿನಾನೂ ಸೋಮಾರಿತನ ಮಾಡಿದೋನಲ್ಲ," ಎಂದನಂತೆ. ನಲವತ್ತು ಹೆಜ್ಜೆ ಹೋಗಿದ್ದ. ಇಳಿಜಾರು 120 ಮೀಟರ್ ಅಗಲಕ್ಕೆ ಸೀಳಿತು.

ಆಕೆ ಹದಿನಾಲ್ಕು ನಿಮಿಷದಲ್ಲಿ ಜಾಗ ಪತ್ತೆಹಚ್ಚಿ ಒಬ್ಬರೇ ಅಗೆದರು. ಅವನು 1.4 ಮೀಟರ್ ಆಳದಲ್ಲಿದ್ದ. ಉಸಿರಿರಲಿಲ್ಲ. ಸುದ್ದಿ ತಿಳಿದು 11.20ಕ್ಕೆ ನಾನು ತಲುಪಿದಾಗ ಆಕೆ ತಮ್ಮ ಕೈಗವಸನ್ನು ಅವನಿಗೆ ತೊಡಿಸಿದ್ದರು.

ಮರುದಿನ 6.10ಕ್ಕೆ ಅದೇ ಗುಂಡಿಯಲ್ಲಿ ಅರ್ಧ ಮೀಟರ್ ಅಗೆದೆ. ಭುಜ ನೋಯುತ್ತಲೇ ಇತ್ತು. ಅಗೆಯಲು ಇಪ್ಪತ್ತು ನಿಮಿಷ ಸಾಕಾಯಿತು. ಕಂಬ ನಾಲ್ಕನೇ ಪೆಟ್ಟಿಗೆ ಮುರಿಯಿತು.

ಆ ಪುಸ್ತಕವನ್ನು ಒಪ್ಪಿಸಿದ್ದೇನೆ. 26ನ್ನು ಹೊಡೆದುಹಾಕಿಲ್ಲ. ನಿಮ್ಮ ವರದಿಯಲ್ಲಿ ಮೃತನ ಅಜಾಗರೂಕತೆ ಎಂದು ಬರೆದಿರುವ ಕಡೆ ನನ್ನ ಹೆಸರು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ತ್ಸರ್ನೋಲ್
ದಿನಾಂಕ: 19 ಫೆಬ್ರವರಿ 2019
ಸಹಿ: ಯಾಖೆನ್ ಕ್ಲಾವುಟ್ (ಬಲಗೈ ಎತ್ತಲಾಗದ ಕಾರಣ ಎಡಗೈಯಲ್ಲಿ)