ಏಳನೆಯ ವಿಷಯಕ್ಕೆ ಯಾರ ವಿರೋಧವೂ ಇರಲಿಲ್ಲ

ಬಾಗಿಲು ತಯಾರಿಕೆಯಲ್ಲಿ ಹೆಲ್ಸಿಂಕಿಗೇ ಹೆಸರಾದವರೂ, ಈ ಹೊಸ ಕ್ರೀಡಾಂಗಣಕ್ಕೆ ತಮ್ಮ ಕಂಪನಿಯ ಹೆಸರನ್ನೇ ದಯಪಾಲಿಸಿದವರೂ, ಇಂದಿನ ಸಭೆಯ ಅಧ್ಯಕ್ಷರೂ ಆದ ಯಾರ್ಕ್ಕೊ ಹೆಪೊಮಾಕಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಕಿವಿಲಹ್ತಿ ಐಸ್ ಕ್ಲಬ್ಬಿನ ಕಾರ್ಯದರ್ಶಿ ಸಿಸ್ಕೊ ಅವರೇ, ನಾವು ಇವತ್ತು ಸನ್ಮಾನಿಸುತ್ತಿರುವ ಓರ್ವೊಕ್ಕಿ ತಿಯಾಯಿನೆನ್ ಅವರೇ, ಹಾಗೂ ಮುಂಬಾಗಿಲು ತೆರೆದುಕೊಳ್ಳದೆ ಹಿಂದಿನ ಸಾಮಾನು ಬಾಗಿಲಿನಿಂದ ಒಳಗೆ ಬಂದರೂ ಒಂದು ಮಾತೂ ಆಡದ ಸಹನಾಶೀಲ ಸಭಿಕರೇ,

ನಾನು ಎನ್ಸಿಯೊ ರಾಂತಾಕಾರಿ. ಹತ್ತೊಂಬತ್ತು ವರ್ಷಗಳಿಂದ ಈ ಕ್ಲಬ್ಬಿನ ಅಧ್ಯಕ್ಷ. ಅಷ್ಟು ವರ್ಷ ಹೇಗೆ ಉಳಿದಿರಿ ಎಂದು ಕೆಲವರು ಕೇಳುತ್ತಾರೆ. ಪ್ರತಿ ಚುನಾವಣೆಯಲ್ಲೂ "ಬೇರೆ ಯಾರಾದರೂ ನಿಲ್ಲುತ್ತೀರಾ?" ಎಂದು ಕೇಳಲಾಗುತ್ತದೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ನಾನು ಗೆಲ್ಲುತ್ತೇನೆ.

ಐದು ನಿಮಿಷ ಮಾತಾಡಿ ಎಂದು ಸಿಸ್ಕೊ ಅಪ್ಪಣೆ ಕೊಟ್ಟಿದ್ದಾರೆ. ಐದು ನಿಮಿಷವೆಂದರೆ ನಮ್ಮಂಥವರಿಗೆ ಸಣ್ಣ ಹೊತ್ತೇ? ನನ್ನ ಮದುವೆಯ ದಿನವೂ ನಾನು ಇಷ್ಟು ಮಾತಾಡಿದವನಲ್ಲ. ನಾನು ಹುಟ್ಟಿದ್ದು ನಮ್ಮ ಊರಿನಲ್ಲಿ ಒಲಿಂಪಿಕ್ಸ್ ನಡೆದ ಬೇಸಿಗೆಯಲ್ಲಿ. ಅಪ್ಪ ಸ್ಟೇಡಿಯಂ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದರು. ಅಮ್ಮ ನನ್ನನ್ನು ಹೆರುವ ಹೊತ್ತಿಗೆ ಅವರು ಗೇಟು ಬಿಟ್ಟು ಮ್ಯಾರಥಾನ್ ಓಟದ ಕೊನೆಯನ್ನು ನೋಡುತ್ತಾ ನಿಂತಿದ್ದರಂತೆ. ಅಮ್ಮ ಅದನ್ನು ಸಾಯುವವರೆಗೂ ಮರೆಯಲಿಲ್ಲ, ಅಪ್ಪನ ಮುಂದೆ ಒಂದು ಸಲವೂ ಎತ್ತಲಿಲ್ಲ. ನನಗೆ ಈ ವಿಷಯ ತಿಳಿದದ್ದು ಚಿಕ್ಕಮ್ಮನಿಂದ. ಇಂಥ ಮನೆತನದಿಂದ ಬಂದವನನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ, ಅನುಭವಿಸಿ.

ಮೊದಲು ಈ ಅರೇನಾದ ಬಗ್ಗೆ ನಾಲ್ಕು ಒಳ್ಳೆಯ ಮಾತು. ಐಸ್ ಹಾಕಿ ಆಡಲು ಮೂರು ರಿಂಕುಗಳಿವೆ. ಕೂತವರಿಗೆ ಬೆಚ್ಚಗಾಗಲೆಂದು ತಾವಾಗಿಯೇ ಕಾಯುವ ಕುರ್ಚಿಗಳಿವೆ. ಆಟಗಾರನ ಹಲ್ಲು ಬಿದ್ದರೆ ಆ ಹಲ್ಲನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪರದೆ ಇದೆ. ಐಸನ್ನು ಹೆರೆದು ನೀರು ಬಿಟ್ಟು ನುಣುಪು ಮಾಡುವ ಗಾಡಿಗೆ ಇಲ್ಲಿ ಚಾಲಕರೇ ಬೇಡ. ಅದು ತಾನೇ ಹೊರಡುತ್ತದೆ, ತಾನೇ ತಿರುಗುತ್ತದೆ, ತಾನೇ ಬಂದು ಮೂಲೆಯಲ್ಲಿ ನಿಲ್ಲುತ್ತದೆ. ನಿನ್ನೆ ಗೋಲ್ ಪೆಟ್ಟಿಗೆಗೆ ಒಂದು ಸಲ ಗುದ್ದಿತು ಎಂದು ಕೇಳಿದೆ. ಹೊಸದಲ್ಲವೇ, ಕಲಿಯುತ್ತದೆ.

ಅದು ಕಲಿಯಬೇಕಾದದ್ದನ್ನೆಲ್ಲ ಓರ್ವೊಕ್ಕಿಯವರು ಮೂವತ್ತೊಂದು ವರ್ಷಗಳ ಕಾಲ ನಮ್ಮ ಹಳೆಯ ಐಸ್ ಹಾಲ್‌ನಲ್ಲಿ ಮಾಡುತ್ತಿದ್ದರು. ತಗಡಿನ ಮಾಡು, ಒಂದೇ ರಿಂಕು, ಮರದ ಬೆಂಚು, ಬಿಸಿಹಬೆಯಲ್ಲಿ ಆರು ಜನ ಕೂರುವ ಸೌನಾ. ಐಸ್ ಎಂದರೆ ನೀರು ಸುರಿದರಾಯಿತು ಎಂದುಕೊಂಡವರು ಬಹಳ ಜನ. ಓರ್ವೊಕ್ಕಿ ಬಿಸಿನೀರನ್ನು ತೆಳ್ಳಗೆ ಬಿಡುತ್ತಿದ್ದರು, ಅದು ಕೂರುವವರೆಗೆ ಕಾಯುತ್ತಿದ್ದರು, ಮೊಣಕಾಲೂರಿ ಅಂಗೈಯಿಂದ ಸವರಿ ನೋಡುತ್ತಿದ್ದರು. ಅವರಿಗೆ ಒಪ್ಪಿಗೆಯಾಗುವ ತನಕ ರಾಷ್ಟ್ರೀಯ ತಂಡದ ಕೋಚ್ ಬಂದರೂ ಬಾಗಿಲ ಹೊರಗೇ. ಭಾನುವಾರ ಮಧ್ಯಾಹ್ನ ಮಾತ್ರ ಬಡಾವಣೆಯ ಮಕ್ಕಳಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಇಲ್ಲಿ ಆ ಭಾನುವಾರದ ಗಂಟೆಗೆ ಜಾಗ ಸಿಕ್ಕಿಲ್ಲ, ಪಟ್ಟಿ ತುಂಬಿದೆಯಂತೆ.

ಪಟ್ಟಿ ಎಂದಾಗ ನೆನಪಾಯಿತು. ಈ ಊರಿನಲ್ಲಿ ಮನೆ ಸಿಗುತ್ತದೆ, ಐಸಿನ ಮೇಲೆ ಒಂದು ಗಂಟೆ ಸಿಗುವುದಿಲ್ಲ. ಸಿಕ್ಕ ಗಂಟೆಯನ್ನು ಯಾರೂ ಬಿಡುವುದಿಲ್ಲ. ನಮ್ಮ ಹಿರಿಯರ ತಂಡಕ್ಕೆ ಮಂಗಳವಾರ ಬೆಳಿಗ್ಗೆ ಏಳರ ಗಂಟೆ ಇತ್ತು. ಒಂಬತ್ತು ಜನ ಇದ್ದೆವು. ಮೂವರು ತೀರಿಕೊಂಡರು. ಇಬ್ಬರು ಬಿಸಿಲು ಬೇಕೆಂದು ಸ್ಪೇನಿಗೆ ಹೋದರು. ಮೂವರ ಮಂಡಿ ಹೋಯಿತು. ಆರು ಜನಕ್ಕಿಂತ ಕಡಿಮೆಯಾದರೆ ಗಂಟೆ ಬಿಟ್ಟುಕೊಡಬೇಕು ಎಂಬ ನಿಯಮವನ್ನು ಬರೆದವನು ನಾನೇ. ನಾಲ್ಕು ವರ್ಷ ನಾನು ರಿಜಿಸ್ಟರಿನಲ್ಲಿ "ಒಂಬತ್ತು ಜನ" ಎಂದು ಬರೆದು ರುಜು ಹಾಕಿ ಒಬ್ಬನೇ ಆಡಿದೆ. ಸಿಸ್ಕೊ, ಇದನ್ನು ನೀವು ಬರೆದುಕೊಳ್ಳಬೇಕಾಗಿಲ್ಲ.

ನನ್ನ ಹೆಂಡತಿ ಕೆರ್ತ್ತು ತೀರಿಕೊಂಡ ಮೇಲಿನ ವರ್ಷಗಳು ಅವು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಓರ್ವೊಕ್ಕಿ ಪ್ರತಿ ಮಂಗಳವಾರ ಆರೂವರೆಗೇ ಬಂದು ಇಡೀ ರಿಂಕನ್ನು ಹೊಸದು ಮಾಡಿಕೊಡುತ್ತಿದ್ದರು, ಒಬ್ಬ ಮುದುಕನಿಗಾಗಿ. ಉಳಿದವರೆಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಆಟ ಮುಗಿದ ಮೇಲೆ ಅವರ ಯಂತ್ರದ ಕೋಣೆಯಲ್ಲಿ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು, ಜೊತೆಗೆ ಏಲಕ್ಕಿ ಬನ್ನು. ಒಂದು ಸಲ ಮಾತ್ರ ಬಾಯಿಬಿಟ್ಟರು. "ಇವತ್ತು ನಿಮ್ಮ ತಂಡ ಚೆನ್ನಾಗಿ ಆಡ್ತು ಕಣ್ರೀ," ಅಂದರು. ನಾನು "ಎದುರಾಳಿ ಸ್ವಲ್ಪ ವೀಕು" ಅಂದೆ. ನಾಲ್ಕು ವರ್ಷಗಳಲ್ಲಿ ನಾವು ಆಡಿದ ಅತಿ ಉದ್ದದ ಮಾತುಕತೆ ಇದು.

ನಾನು ಎಲ್ಲಿಗೋ ಹೋದೆ. ಸನ್ಮಾನಕ್ಕೆ ಬರುತ್ತೇನೆ. ಓರ್ವೊಕ್ಕಿಯವರು ಹನ್ನೊಂದು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಅದು ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆಮೇಲಿನ ಒಂಬತ್ತು ತಿಂಗಳು ನನಗೆ ಚೆನ್ನಾಗಿ ಗೊತ್ತಾಗಿದೆ. ಅವರ ಮೌನ ಮುರಿಯದೆ ನಾನು ಈ ಶಾಲು ಹೊದಿಸಿದರೆ, ಇಬ್ಬರ ಮೈಗೂ ಅದು ಚುಚ್ಚುತ್ತದೆ. ಆದ್ದರಿಂದ ನಡೆದದ್ದನ್ನು ಹೇಳಲೇಬೇಕು.

ಕಳೆದ ಫೆಬ್ರವರಿಯಲ್ಲಿ ನಮ್ಮ ಆಡಳಿತ ಸಮಿತಿಯ ಸಭೆ. ಹಳೆಯ ಹಾಲ್‌ನ ಕೆಫೆಯಲ್ಲಿ ಹನ್ನೊಂದು ಜನ ಕೂತಿದ್ದೆವು. ಹೊಸ ಅರೇನಾ ಪಕ್ಕದಲ್ಲಿ ಆಗಲೇ ಎದ್ದು ನಿಂತಿತ್ತು. ಅದಕ್ಕಾಗಿ ನಮ್ಮದನ್ನು ಕೆಡವಲೇಬೇಕೆಂದು ಯಾವ ಕಾನೂನೂ ಇರಲಿಲ್ಲ. ಆದರೆ ಕಾರ್ಯಸೂಚಿಯ ಏಳನೆಯ ವಿಷಯ ಹೀಗಿತ್ತು: ಹಳೆಯ ಹಾಲ್ ಕೆಡವಿ ಆ ಜಾಗವನ್ನು ಅರೇನಾದ ಪಾರ್ಕಿಂಗಿಗೆ ಬಿಟ್ಟುಕೊಡುವುದು. ನಾನು ಓದಿದೆ. "ಯಾರದಾದರೂ ವಿರೋಧ ಇದೆಯೇ?" ಎಂದು ಕೇಳಿದೆ. ಫ್ರಿಜ್ಜಿನ ಸದ್ದು ಕೇಳುತ್ತಿತ್ತು. ನಾನು ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿದೆ. ಸುತ್ತಿಗೆಯಿಂದ ಮೇಜು ಕುಟ್ಟಿದೆ. ಆಯಿತು, ಎಂಟನೆಯ ವಿಷಯ ಕಾಫಿ ಮೆಷಿನ್ನಿನ ರಿಪೇರಿ. ಅದರ ಮೇಲೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು.

ಓರ್ವೊಕ್ಕಿ ಆ ಹೊತ್ತಿಗೆ ನಮಗೆ ಕಾಫಿ ಬಗ್ಗಿಸುತ್ತಿದ್ದರು. ಅವರು ನೌಕರರು, ಸಮಿತಿಯವರಲ್ಲ, ಬಾಯಿ ಹಾಕುವಂತಿಲ್ಲ. ಎಲ್ಲರ ಲೋಟ ತುಂಬಿಸಿದರು. ನನ್ನದನ್ನು ಅರ್ಧಕ್ಕೇ ನಿಲ್ಲಿಸಿ ಮುಂದೆ ಹೋದರು.

ಒಂದು ವಾರದ ಮೇಲೆ ಹಾಲ್‌ನ ಸೌನಾದಲ್ಲಿ ನಾನು, ಉರ್ಪೊ, ಕಾಲೆರ್ವೊ ಕೂತಿದ್ದೆವು. ಇಬ್ಬರೂ ಸಮಿತಿಯವರು. ಉರ್ಪೊ ರಿಟೈರಾದ ಟ್ರಾಮ್ ಚಾಲಕ. ಕಾದ ಕಲ್ಲಿನ ಮೇಲೆ ಎರಡು ಸಲ ನೀರು ಹಾಕಿದ, ಬೆವರು ಒರೆಸಿಕೊಂಡ, ಆಮೇಲೆ ಹೇಳಿದ.

"ಆ ಹಾಲ್ ಕೆಡವೋದು ನಂಗ್ಯಾಕೋ ಸರಿ ಕಾಣ್ಲಿಲ್ಲಪ್ಪ."

ನಾನು ಕೇಳಿದೆ: "ಮತ್ತೆ ಅವತ್ತು ಯಾಕೆ ಸುಮ್ನೆ ಕೂತಿದ್ದೆ ಮಾರಾಯ?"

"ನೀನು ಸುತ್ತಿಗೆ ಕುಟ್ಟಿದ ಅವಸರ ನೋಡಿ, ನಿಂಗೆ ಬೇಕಾಗಿದೆ ಅಂದ್ಕೊಂಡೆ."

"ನಂಗೆಲ್ಲಿ ಬೇಕಿತ್ತೋ? ನೀವೆಲ್ಲ ತೆಪ್ಪಗಿದ್ರಿ, ನಿಮಗೆ ಬೇಕು ಅಂದ್ಕೊಂಡು ಕುಟ್ಟಿದೆ."

"ಇಪ್ಪತ್ತಾರು ವರ್ಷ ಟ್ರಾಮ್ ಓಡ್ಸಿದೀನಿ ಕಣೋ. ನಂಗೆ ಕಾರೇ ಇಲ್ಲ. ಪಾರ್ಕಿಂಗ್ ತಗೊಂಡು ಏನ್ ಮಾಡ್ಲಿ, ಅಲ್ಲಿ ನಿಂತ್ಕೊಳ್ಲಾ?"

ಮೇಲಿನ ಮೆಟ್ಟಿಲಿನಿಂದ ಕಾಲೆರ್ವೊ, "ನಂಗೂ ಕಾರಿಲ್ಲ," ಅಂದ. ಆ ದಿನ ಸೌನಾ ಯಾಕೋ ಬಿಸಿಯೇ ಆಗಲಿಲ್ಲ ಅನ್ನಿಸಿತು.

ಮರುದಿನ ಉಳಿದ ಎಂಟು ಜನಕ್ಕೂ ಫೋನು ಮಾಡಿದೆ. ಎಂಟೂ ಜನ ವಿರೋಧ. ಸಿಸ್ಕೊ ಏನೆಂದರು ಗೊತ್ತೇ? "ನಂದೂ ವಿರೋಧಾನೇ ರೀ. ಆದ್ರೆ ಕಾರ್ಯದರ್ಶಿ ಕೆಲ್ಸ ಬರ್ಕೊಳ್ಳೋದು, ಮಾತಾಡೋದಾ?" ಬರೆದುಕೊಂಡದ್ದು ಏನೆಂದು ಕೇಳಿದೆ. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಓದಿದರು. ಕೊನೆಗೆ ಧೈರ್ಯ ಮಾಡಿ ಹೆಪೊಮಾಕಿಯವರಿಗೂ ಫೋನು ಮಾಡಿದೆ. ಅವರು ಬೇಜಾರಿನಲ್ಲೇ ಹೇಳಿದರು: "ಅಯ್ಯೋ, ನಾವೇನು ಆ ಜಾಗ ಬೇಕು ಅಂತ ಕೇಳಿರ್ಲಿಲ್ವಲ್ಲ. ನೀವು ಅಷ್ಟು ಒಗ್ಗಟ್ಟಾಗಿ ಕೊಡ್ತಿದೀರಿ, ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ತಗೊಂಡ್ವಿ."

ಆಗಲೂ ತಡೆಯಬಹುದಾಗಿತ್ತು. ಹಾಲ್ ಇನ್ನೂ ನಿಂತೇ ಇತ್ತು. ಆದರೆ ಕೆಡವುವವರು ಬಂದು ಸುತ್ತ ಬೇಲಿ ಹಾಕಿ ಹೋಗಿದ್ದರು, ಪಾಪ, ಆ ಚಳಿಯಲ್ಲಿ. ಮತ್ತೆ ಅವರನ್ನು ಕರೆಸಿ ಬೇಲಿ ಕೀಳಿ ಎನ್ನಲು ನಮಗೆ ಸಂಕೋಚವಾಯಿತು. ಸಭಿಕರೇ, ನೀವು ನಗುತ್ತಿದ್ದೀರಿ. ನಗಿ. ನಿಮ್ಮಲ್ಲಿ ಎಷ್ಟು ಜನ ಬೇಲಿ ಕೀಳಿ ಎಂದು ಫೋನು ಮಾಡುತ್ತಿದ್ದಿರಿ? ಏಪ್ರಿಲ್‌ನಲ್ಲಿ ಕೊನೆಯ ಐಸು ಕರಗಿತು. ಮೇ ತಿಂಗಳಲ್ಲಿ ಮಾಡು ಇಳಿಯಿತು. ಈಗ ಅಲ್ಲಿ ಎಪ್ಪತ್ತು ಕಾರು ನಿಲ್ಲುವ ಜಾಗವಿದೆ. ಇವತ್ತು ಬರುವಾಗ ನೋಡಿದೆ, ನಾಲ್ಕು ನಿಂತಿವೆ. ಉಳಿದವರೆಲ್ಲ ಮೆಟ್ರೋದಲ್ಲಿ ಬಂದಿದ್ದೀರಿ.

ಓರ್ವೊಕ್ಕಿಯವರೇ, ನನ್ನ ಕೈಯಲ್ಲಿರುವ ಈ ಹಾಳೆಯಲ್ಲಿ ನೀವು ಸ್ವಂತ ಇಚ್ಛೆಯಿಂದ ನಿವೃತ್ತರಾಗುತ್ತಿದ್ದೀರಿ ಎಂದು ಬರೆದಿದೆ. ಅದನ್ನು ನಾನು ಓದುವುದಿಲ್ಲ. ಹನ್ನೊಂದು ಜನ ಸೇರಿ ನಿಮ್ಮ ಕೆಲಸ ತೆಗೆದೆವು, ಅದೂ ಒಬ್ಬರಿಗೂ ಮನಸ್ಸಿಲ್ಲದೆ. ಅದರಲ್ಲಿ ಹತ್ತು ಜನ ಸುಮ್ಮನಿದ್ದರು, ಅಷ್ಟೆ. ಸುತ್ತಿಗೆ ಹಿಡಿದಿದ್ದವನು ನಾನು. ನನಗೆ ಆ ಹಾಲ್ ಎಷ್ಟು ಬೇಕಾಗಿತ್ತು ಎಂಬುದು ಈ ಭೂಮಿಯ ಮೇಲೆ ನಿಮಗೊಬ್ಬರಿಗೇ ಗೊತ್ತಿತ್ತು. ಅದು ಗೊತ್ತಿದ್ದೇ ನೀವು ಸಿಟ್ಟಾಗಿದ್ದು ಎಂದು ನನಗೆ ಅರ್ಥವಾಗಿದೆ. ತಪ್ಪಾಯಿತು. ಬಹಳ ತಪ್ಪಾಯಿತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಿವಿಲಹ್ತಿ ಶಾಲೆಯ ಮರಳು ಮೈದಾನವನ್ನು ಈ ಚಳಿಗಾಲಕ್ಕೆ ಕೇಳಿ ಪಡೆದಿದ್ದೇವೆ. ಹೌದು, ಬಾಯಿಬಿಟ್ಟು ಕೇಳಿದೆವು. ಹೆಡ್ಮೇಡಂ "ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಅಂದರು. ಹಳೆಯ ಹಾಲ್‌ನ ಮೂರು ನೀರಿನ ಪೈಪು ಉಳಿದಿವೆ. ಭಾನುವಾರ ಮಕ್ಕಳು ಆಡಲಿ ಎಂದು ಕಳೆದ ಶನಿವಾರ ನಾವು ಹನ್ನೊಂದೂ ಜನ ಹೋಗಿ ಐಸು ಮಾಡಲು ಹೊರಟೆವು. ಒಂದೇ ಸಲ ಮೈದಾನದ ತುಂಬ ನೀರು ಬಿಟ್ಟೆವು. ಅರ್ಧ ಮರಳು ಕುಡಿಯಿತು, ಅರ್ಧ ರಾಡಿಯಾಯಿತು. ಅದು ಹೆಪ್ಪುಗಟ್ಟುವಾಗ ಉರ್ಪೊನ ಎಡಗಾಲಿನ ಬೂಟನ್ನು ಹಿಡಿದುಕೊಂಡಿತು. ಬೂಟು ಈಗಲೂ ಅಲ್ಲೇ ಇದೆ, ಮಕ್ಕಳು ಅದನ್ನು ಗೋಲ್ ಕಂಬ ಮಾಡಿಕೊಂಡಿದ್ದಾರೆ.

ನಮಗೆ ಬರುವುದಿಲ್ಲ, ಓರ್ವೊಕ್ಕಿಯವರೇ. ನಿಮಗೆ ಬರುತ್ತದೆ. ಬುಧವಾರ ಚಳಿ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ ಇಳಿಯುತ್ತದಂತೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಎಲ್ಲರೂ ಅಲ್ಲಿರುತ್ತೇವೆ. ಪೈಪು ಹಿಡಿಯಿರಿ ಎಂದರೆ ಹಿಡಿಯುತ್ತೇವೆ, ದೂರ ನಿಲ್ಲಿ ಎಂದರೆ ದೂರ ನಿಲ್ಲುತ್ತೇವೆ. ನೀವು ಬರುತ್ತೀರಾ? ಇಷ್ಟು ಜನರ ಮುಂದೆ ಕೇಳುವುದು ಒಳ್ಳೆಯ ನಡತೆಯಲ್ಲ ಎಂದು ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ. ಉತ್ತರ ಬರುವವರೆಗೆ ಇಲ್ಲೇ ನಿಂತಿರುತ್ತೇನೆ. ಹೆಪೊಮಾಕಿಯವರೇ, ದಯವಿಟ್ಟು ಸಂಗೀತ ಹಾಕಿಸಬೇಡಿ.

ಓರ್ವೊಕ್ಕಿಯವರು ಕೈಯಲ್ಲಿದ್ದ ತಿಂಡಿ ತಟ್ಟೆ ಕೆಳಗಿಟ್ಟರು. ಕೈ ಎತ್ತುತ್ತಿದ್ದಾರೆ. ಎರಡೂ ಕೈ. ಸ್ವಲ್ಪ ತಾಳಿ, ಕನ್ನಡಕ ಹಾಕಿಕೊಳ್ಳುತ್ತೇನೆ. ಈ ಕೈಯಲ್ಲಿ ಐದು ಬೆರಳು, ಆ ಕೈಯಲ್ಲಿ ಒಂದು.

ಆರು. ಒಂಬತ್ತಕ್ಕಲ್ಲವಂತೆ, ಆರು ಗಂಟೆಗೆ.

ಆಗಲಿ ಓರ್ವೊಕ್ಕಿಯವರೇ, ಆರಕ್ಕೇ ಬರುತ್ತೇವೆ. ಉರ್ಪೊ, ಮುಖ ಹಾಗೆ ಮಾಡಬೇಡ, ಅವರ ಮನಸ್ಸು ಬದಲಾದೀತು. ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಳಲು ಹೋದರೆ ಇನ್ನೂ ಹತ್ತು ನಿಮಿಷ ಹಿಡಿಯುತ್ತದೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ. ಐದು ನಿಮಿಷ ಕೊಟ್ಟರೆ ಇಪ್ಪತ್ತು ನಿಮಿಷ ತೆಗೆದುಕೊಂಡವನನ್ನು ತಡೆಯಲು ಸಂಕೋಚಪಟ್ಟ ನಿಮ್ಮೆಲ್ಲರಿಗೂ ನಾನು ಋಣಿ. ಬುಧವಾರ ಬರುವವರು ಹಳೆಯ ಬೂಟು ಹಾಕಿಕೊಂಡು ಬನ್ನಿ. ನಮಸ್ಕಾರ.