ಫಖ್ರಿಯಾ ಅತ್ತಿಗೆ ಕುಡಿಯದೆ ಇಟ್ಟ ಕಾಫಿ

ಅಧ್ಯಕ್ಷರ ಕುರ್ಚಿಯನ್ನು ಅಲಂಕರಿಸಿರುವ, ಆ ಕುರ್ಚಿಗಿಂತ ತುಸು ಅಗಲವಾಗಿಯೇ ಇರುವ ನಮ್ಮ ಶೇಖ್ ಘಾಜಿಯವರೇ, ರಾಜಧಾನಿಯಿಂದ ಇಷ್ಟು ದೂರ ಧೂಳು ಕುಡಿಯುತ್ತ ಬಂದಿರುವ ಮುಖ್ಯ ಅತಿಥಿ ನ್ಯಾಯಮೂರ್ತಿ ರಾಫಿದ್ ಅವರೇ, ಇಂದು ಸನ್ಮಾನ ಸ್ವೀಕರಿಸಬೇಕಾದವರೂ, ಸ್ವೀಕರಿಸಲು ಇನ್ನೂ ಮನಸ್ಸು ಮಾಡದವರೂ ಆದ ನನ್ನ ಅತ್ತಿಗೆ ಫಖ್ರಿಯಾ ಅವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಮತ್ತು ಸಿಗದಿರುವ ಎಲ್ಲ ಸಭಿಕರೇ,

ನಮ್ಮ ಊರಿನ ಹೊಲಿಗೆ ಶಾಲೆಯ ಈ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಓದಿದವನಲ್ಲ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ದಾಖಿಲ್ ಎಂದರೆ ನಿಮಗೆಲ್ಲ ಗೊತ್ತು. ಈ ಸಭೆಯಲ್ಲಿರುವ ಅರ್ಧ ಜನ ನಾನು ಹೊಲಿದ ಹಾಸಿಗೆಯ ಮೇಲೆ ಹುಟ್ಟಿದವರು. ಉಳಿದ ಅರ್ಧ ಜನ ಅದರ ಮೇಲೆ ಮಲಗಿ ಬೆನ್ನು ನೋವೆಂದು ದೂರಿದವರು. ಅಕ್ಷರವನ್ನು ನಾನು ಕಲಿತದ್ದು ಹಳೆಯ ದಿಂಬುಗಳೊಳಗೆ ತುರುಕಿದ್ದ ಪತ್ರಿಕೆಯ ಚೂರುಗಳಿಂದ. ಆದ್ದರಿಂದ ನನ್ನ ಮಾತು ಅಲ್ಲಲ್ಲಿ ಹರಿದಿದ್ದರೆ ಕ್ಷಮಿಸಬೇಕು.

ತೀರಿಹೋದ ನನ್ನ ಅಣ್ಣನ ಮತ್ತು ಈ ಅತ್ತಿಗೆಯ ಮಗ ನಿಬ್ರಾಸ್ ವಿಮಾನ ಓಡಿಸುವವನಾದ ಎಂಬುದನ್ನು ಈ ಊರು ಬಹಳ ದಿನ ನಂಬಲಿಲ್ಲ. ಹೇಗೆ ನಂಬುತ್ತದೆ? ಖರ್ಜೂರದ ಮರ ಹತ್ತಲು ಹೇಳಿದರೆ ಬುಡವನ್ನು ತಬ್ಬಿಕೊಂಡು ಅಳುತ್ತಿದ್ದ ಹುಡುಗ ಅವನು. ವಾಯುಪಡೆಯ ಸಮವಸ್ತ್ರ ಹಾಕಿಕೊಂಡು ಮೊದಲ ಸಲ ಮನೆಗೆ ಬಂದಾಗ ನಾನು ಕೇಳಿದೆ, "ಅಲ್ಲವೋ, ಮರ ಹತ್ತೋಕೆ ಹೆದರ್ತಿದ್ದವನು ಆಕಾಶಕ್ಕೆ ಹೆಂಗೋ ಹತ್ತಿದೆ?" ಅವನು ಹೇಳಿದ, "ಚಿಕ್ಕಪ್ಪಾ, ಮರ ಅಲ್ಲಾಡ್ತದೆ. ವಿಮಾನಕ್ಕೆ ಬೆಲ್ಟ್ ಇರ್ತದೆ."

ಒಂದು ದಿನ ಬೆಳಿಗ್ಗೆ ಹಾರಿದವನು ತಿರುಗಿ ಬರಲಿಲ್ಲ. ಸಂಜೆಗೆ ರೇಡಿಯೋದಲ್ಲಿ, ಲೆಫ್ಟಿನೆಂಟ್ ನಿಬ್ರಾಸ್ ಎಂಬ ದ್ರೋಹಿ ದೇಶದ ವಿಮಾನವನ್ನು ಕದ್ದು ಶತ್ರುಗಳ ಕಡೆ ಓಡಿಹೋದ ಎಂದರು. ಶತ್ರುಗಳ ರೇಡಿಯೋ, ನಮ್ಮಲ್ಲಿಗೆ ಯಾರೂ ಬಂದಿಲ್ಲ ಎಂದಿತು. ಎರಡು ರೇಡಿಯೋಗಳ ನಡುವೆ ಒಬ್ಬ ಹುಡುಗ ಕಾಣೆಯಾದ.

ಆ ಮೇಲಿನ ವರ್ಷಗಳನ್ನು ನಾನು ವಿಸ್ತರಿಸುವುದಿಲ್ಲ. ಅತ್ತಿಗೆ ಬ್ರೆಡ್ಡಿಗೆ ಸಾಲಿನಲ್ಲಿ ನಿಂತರೆ ಸಾಲು ಕರಗುತ್ತಿತ್ತು. ಅಷ್ಟು ಬೇಗ ಬ್ರೆಡ್ ಸಿಗುತ್ತಿದ್ದ ಮನೆ ಊರಿನಲ್ಲಿ ಇನ್ನೊಂದಿರಲಿಲ್ಲ. ಎದುರು ಮನೆಯ ನೂರಿಯಾ, ಅತ್ತಿಗೆಯ ಜೊತೆ ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟವರು, ಇವರ ಬಾಗಿಲು ತೆರೆದರೆ ತಮ್ಮ ಬಾಗಿಲು ಮುಚ್ಚುತ್ತಿದ್ದರು. ಅವರ ಮಗ ಕಾಮಿಲ್ ಗಡಿಯಲ್ಲಿ ಸೈನಿಕನಾಗಿದ್ದ. ದ್ರೋಹಿಯ ತಾಯಿಯೊಡನೆ ಮಾತಾಡಿದರೆ ಅವನಿಗೆ ಕಷ್ಟ ಎಂದು ಅವರ ಭಯ. ಅದರಲ್ಲೂ ತಪ್ಪಿರಲಿಲ್ಲ ಅನ್ನಿ. ಆಮೇಲೆ ಕಾಮಿಲ್‌ನ ಸುದ್ದಿಯೂ ನಿಂತುಹೋಯಿತು. ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ನಿಬ್ರಾಸ್‌ನ ಮದುವೆಗೆಂದು ನಾನು ಒಂದು ಹಾಸಿಗೆ ಹೊಲಿದಿದ್ದೆ. ಹತ್ತಿ ಒಂದೇ ಕಡೆ ಕೂತರೆ ಗಂಟಾಗುತ್ತದೆ ನೋಡಿ. ಅದಕ್ಕೆ ಪ್ರತಿ ವರ್ಷ ಬೇಸಿಗೆಯಲ್ಲಿ ಅದರ ಹೊಲಿಗೆ ಬಿಚ್ಚಿ, ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿ ಹೊಲಿಯುತ್ತಿದ್ದೆ. ಗಿರಾಕಿಗಳು ಕೇಳಿದರೆ ಅದು ಮಾರಾಟಕ್ಕಲ್ಲ ಎನ್ನುತ್ತಿದ್ದೆ. ಆ ಮಾತು ಇಲ್ಲಿ ಬೇಡ. ನಾನು ವಿಷಯಕ್ಕೆ ಬರುತ್ತೇನೆ.

ಈ ದೇಶವನ್ನು ಇಷ್ಟು ವರ್ಷ ಆಳಿದ ನಮ್ಮ ಮಹಾನಾಯಕರು ಸಿಕ್ಕಿಬಿದ್ದದ್ದು ಹೇಗೆ ಎಂದು ನಿಮಗೆಲ್ಲ ಗೊತ್ತು. ದಂಗೆಯಾಗಿ ಅರಮನೆ ಬಿದ್ದ ಮೇಲೆ ಗಡ್ಡ ಬೆಳೆಸಿಕೊಂಡು ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಅಡಗಿದ್ದರು. ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಆದರೆ ಹಿಟ್ಟು ನಾದುತ್ತಿದ್ದವನಿಗೆ "ಹಂಗಲ್ಲ, ಹಿಂಗೆ ನಾದು" ಎಂದು ಹೇಳದೆ ಅವರಿಗೆ ಇರಲಾಗಲಿಲ್ಲ. ಜೀವನವಿಡೀ ರೇಡಿಯೋದಲ್ಲಿ ಆ ದನಿ ಕೇಳಿದ್ದ ಬೇಕರಿಯವನು ಹಿಟ್ಟಿನ ಕೈಯಲ್ಲೇ ಠಾಣೆಗೆ ಓಡಿದ.

ಅವರನ್ನು ಪ್ರಶ್ನಿಸಲು ರಾಫಿದ್ ಸಾಹೇಬರ ಆಯೋಗ ಕೂತಿತು. ಕಾಣೆಯಾದವರ ಬಗ್ಗೆ ಮೊದಲು ಕೇಳೋಣ, ಅದರಲ್ಲೂ ಹೆಸರು, ದಿನ, ವಿಮಾನ ಎಲ್ಲ ಗೊತ್ತಿರುವ ಈ ಪೈಲಟ್ಟಿನಿಂದ ಶುರುಮಾಡೋಣ ಎಂದು ತೀರ್ಮಾನವಾಯಿತು. ಆದರೆ ಆ ಮನುಷ್ಯ ಬಾಯಿ ಬಿಡಲಿಲ್ಲ. ಏಕೆಂದರೆ ಈ ದೇಶವೇ ಅವರ ಮನೆಯಂತೆ. ಮನೆಯ ಯಜಮಾನನನ್ನು ಅತಿಥಿಗಳು ಪ್ರಶ್ನಿಸುವುದುಂಟೆ? ನನಗೆ ಕಾಫಿ ಕಾಸಲು ಬಿಡಿ, ನಾನೇ ಬಗ್ಗಿಸಿ ಕೊಡುತ್ತೇನೆ, ಆಮೇಲೆ ಮಾತು ಎಂದರು. ಆಯೋಗ ಒಪ್ಪಿತು. ಹಿತ್ತಾಳೆಯ ಹೂಜಿ, ಪುಟ್ಟ ಬಟ್ಟಲುಗಳು, ಏಲಕ್ಕಿ, ಎಲ್ಲ ಸರಬರಾಜಾಯಿತು.

ಈಗ ಹಿಂದಿನ ಸಾಲಿನ ಮಕ್ಕಳು ಸ್ವಲ್ಪ ಕಿವಿಗೊಡಿ, ದೊಡ್ಡವರಿಗೆ ಇದು ಗೊತ್ತಿರುವುದೇ. ನಮ್ಮಲ್ಲಿ ಹೆಣ್ಣು ಕೇಳಲು ಹೋದರೂ, ಕೊಲೆಯ ರಾಜಿಗೆ ಹೋದರೂ ಒಂದೇ ಕ್ರಮ. ಬೇಡಿಕೆ ಇಟ್ಟುಕೊಂಡು ಬಂದವನು ಮನೆಯವರು ಕೊಟ್ಟ ಕಾಫಿಯನ್ನು ಕುಡಿಯದೆ ಮುಂದೆ ಇಡುತ್ತಾನೆ. ಮನೆಯವರು "ಕುಡಿ, ನಿನ್ನ ಮಾತು ನಡೆಸಿಕೊಟ್ಟೆ" ಎನ್ನುವವರೆಗೆ ಮುಟ್ಟುವುದಿಲ್ಲ. ಮೊದಲೇ ಕುಡಿದನೋ, ಬೇಡಿಕೆ ಬಿಟ್ಟ ಹಾಗೆ. ಕುಡಿಯದೆ ಎದ್ದುಹೋದನೋ, ಆ ಮನೆಯ ಮಾನ ಹೋದ ಹಾಗೆ.

ಇದು ರಾಫಿದ್ ಸಾಹೇಬರಿಗೆ ಗೊತ್ತಿರಲಿಲ್ಲವೇ? ಅವರ ಮದುವೆಯೇ ಹೀಗೆ ಆದದ್ದು. ಆದರೂ ಏನಾಯಿತು? ಮಹಾನಾಯಕರು ಬಟ್ಟಲು ಚಾಚಿದರು. ಇಷ್ಟು ವರ್ಷ ಆ ಕೈ ಏನು ಚಾಚಿದರೂ ತೆಗೆದುಕೊಂಡ ಜನ ನಾವು. ಸಾಹೇಬರ ಕೈ ತಾನಾಗಿಯೇ ಮುಂದೆ ಹೋಯಿತು, ಬಾಯಿ ತಾನಾಗಿಯೇ ತೆರೆಯಿತು. ಕುಡಿದ ಮೇಲೆ ಮಹಾನಾಯಕರು ಮೀಸೆ ಒರೆಸಿಕೊಂಡು, "ಕುಡಿದಾಯ್ತಲ್ಲ, ಇನ್ನೇನು ಕೇಳೋದು?" ಎಂದು ಮೀನು ಸುಡುವ ಸರಿಯಾದ ವಿಧಾನದ ಬಗ್ಗೆ ಮಧ್ಯಾಹ್ನದವರೆಗೆ ಉಪನ್ಯಾಸ ಕೊಟ್ಟರಂತೆ. ಮರುದಿನ ಮೇಕೆಗಳ ಅಜೀರ್ಣದ ಬಗ್ಗೆ. ಅದರ ಮರುದಿನ ಸೇತುವೆಗಳ ಬಗ್ಗೆ. ಸಾಹೇಬರು ನಗುತ್ತಿದ್ದಾರೆ, ಆದ್ದರಿಂದ ನಾನು ಧೈರ್ಯವಾಗಿ ಹೇಳಬಹುದು, ಆಯೋಗದ ಮೂವರೂ ದಿನಾ ಕುಡಿದರು.

ಕೊನೆಗೆ ಸಾಹೇಬರು ನಮಗೆ ಹೇಳಿಕಳಿಸಿದರು. ಮನೆಯವರೇ ಹಿರಿಯರ ಜೊತೆ ಬಂದು ಕ್ರಮಪ್ರಕಾರ ಕೇಳಿ, ಬಹುಶಃ ಮನಸ್ಸು ಕರಗೀತು ಎಂದು. ಊರಿನ ಹಿರಿಯರಾಗಿ ಶೇಖ್ ಘಾಜಿ, ಮನೆಯ ಹಿರಿಯನಾಗಿ ನಾನು. ಹೆಂಗಸರು ಇಂಥದ್ದಕ್ಕೆ ಹೋಗುವ ಪದ್ಧತಿ ಇಲ್ಲ. ಆದರೆ ಅತ್ತಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀನ್ಯಾಕಮ್ಮ ಬರ್ತೀಯ? ನಾವಿಲ್ವಾ?" ಎಂದರು ಶೇಖರು.

"ನೀವು ಕುಡಿದುಬಿಡ್ತೀರಿ," ಎಂದರು ಅತ್ತಿಗೆ.

ಶೇಖರಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಬಸ್ಸಿನಲ್ಲಿ, ತಾವು ಎಷ್ಟು ರಾಜಿಗಳಲ್ಲಿ ಎಷ್ಟು ಹೊತ್ತು ಕಾಫಿ ಮುಟ್ಟದೆ ಕೂತಿದ್ದೆವು ಎಂದು ಹೇಳಿದರು. ಅದೆಲ್ಲ ನಿಜ, ನಾನೇ ಸಾಕ್ಷಿ.

ಸೆರೆಮನೆಯ ಕೋಣೆಯೊಳಗೆ ಹೋದೆವು. ಪೋಸ್ಟರುಗಳಲ್ಲಿ ಕಂಡಿದ್ದಕ್ಕಿಂತ ಗಿಡ್ಡ ಮನುಷ್ಯ. ಬರಿಗಾಲು. ಮೂಲೆಯಲ್ಲಿ ರಾಫಿದ್ ಸಾಹೇಬರು, ಬಾಗಿಲಲ್ಲಿ ಇಬ್ಬರು ಕಾವಲಿನವರು. ಮಹಾನಾಯಕರು ಎದ್ದು, ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿ, ಮೊದಲ ಬಟ್ಟಲನ್ನು ಶೇಖರಿಗೆ ಕೊಟ್ಟರು.

ಶೇಖರು ಕುಡಿದರು.

ಅಧ್ಯಕ್ಷರೇ, ತಾವು ತಲೆ ತಗ್ಗಿಸಬೇಕಾಗಿಲ್ಲ. ಎರಡನೆಯ ಬಟ್ಟಲು ನನ್ನ ಕೈಗೆ ಬಂತು. ನಾನು ಕುಡಿಯಲಿಲ್ಲ. ಇದನ್ನು ಸಭೆ ಗಮನಿಸಬೇಕು. ನನ್ನ ಕೈ ಎಷ್ಟು ನಡುಗಿತೆಂದರೆ ಕುಡಿಯಲು ಅದರಲ್ಲಿ ಏನೂ ಉಳಿಯಲಿಲ್ಲ, ಎಲ್ಲ ನನ್ನ ತೊಡೆಯ ಮೇಲಿತ್ತು. ಸುಡುಸುಡು ಕಾಫಿ. ನಾನು ತುಟಿ ಕಚ್ಚಿಕೊಂಡು ಕೂತಿದ್ದನ್ನು ಕಂಡು ಮಹಾನಾಯಕರು, ಇವನು ಗಟ್ಟಿ ಆಸಾಮಿ ಎಂದುಕೊಂಡಿರಬೇಕು.

ಮೂರನೆಯದನ್ನು ಅತ್ತಿಗೆ ತೆಗೆದುಕೊಂಡರು. ಒಂದು ಹನಿಯೂ ಚೆಲ್ಲಲಿಲ್ಲ. ನೆಲದ ಮೇಲೆ, ತಮ್ಮ ಮೊಣಕಾಲಿನ ಮುಂದೆ ಇಟ್ಟರು.

"ಕುಡಿಯಮ್ಮ, ತಣ್ಣಗಾಗ್ತದೆ."

"ಆಗ್ಲಿ ಬಿಡಿ."

"ನನ್ನ ಕಾಫಿ ಬಿಟ್ಟು ಎದ್ದುಹೋದವರು ಈ ದೇಶದಲ್ಲಿ ಒಬ್ಬರೂ ಇಲ್ಲ."

"ಎದ್ದು ಹೋಗೋಕೆ ನೀವು ಬಿಟ್ಟಿದ್ದರೆ ತಾನೇ?"

ಶೇಖರಿಗೆ ಕೆಮ್ಮು ಬಂತು. ಮಹಾನಾಯಕರು ಆ ಬಟ್ಟಲನ್ನು ತೆಗೆದು, ತಣ್ಣಗಿದ್ದದ್ದನ್ನು ಚೆಲ್ಲಿ, ಬಿಸಿಯದನ್ನು ಬಗ್ಗಿಸಿ ಇಟ್ಟರು. ಅದೂ ತಣ್ಣಗಾಯಿತು.

"ಏನು ಬೇಕು ಹೇಳು ತಂಗಿ. ನದಿ ದಂಡೇಲಿ ಒಂದು ತೋಟ ಕೊಡಿಸ್ತೀನಿ."

"ಯಾರ ಕೈಲಿ ಕೊಡಿಸ್ತೀರಿ? ನಿಮ್ಮ ಚಪ್ಪಲೀನೇ ಇವರು ಹೊರಗೆ ಕಿತ್ತಿಟ್ಕೊಂಡಿದ್ದಾರೆ. ನನ್ನ ಮಗ ಎಲ್ಲಿದಾನೆ, ಅಷ್ಟು ಹೇಳಿ ಸಾಕು."

"ಯಾವ ಮಗ?"

"ನಿಬ್ರಾಸ್. ವಿಮಾನ ಓಡಿಸ್ತಿದ್ದ."

"ಎಷ್ಟೋ ಜನ ಓಡಿಸ್ತಿದ್ರು. ಎಲ್ಲರ ಹೆಸರೂ ನೆನಪಿಟ್ಕೊಳ್ಳೋಕಾಗ್ತದಾ?"

"ನೆನಪು ಮಾಡ್ಕೊಳ್ಳಿ. ನನಗೇನೂ ಅವಸರ ಇಲ್ಲ. ಮನೇಲಿ ಒಲೆ ಆರಿಸಿ ಬಂದಿದೀನಿ."

ಮೂರನೆಯ ಸಲವೂ ಬಗ್ಗಿಸಿದರು. ಬಾಗಿಲಲ್ಲಿದ್ದ ಕಾವಲಿನವನೊಬ್ಬ ಇನ್ನೊಬ್ಬನ ಕಿವಿಯಲ್ಲಿ, "ಹೆಂಗಸು ಮುಟ್ಟೇ ಇಲ್ಲ ನೋಡೋ" ಎಂದ. ಅದು ಎಲ್ಲರಿಗೂ ಕೇಳಿಸಿತು. ಮಹಾನಾಯಕರ ಕಿವಿ ಕೆಂಪಾಯಿತು. ಅಧಿಕಾರ ಹೋದದ್ದು, ಅರಮನೆ ಹೋದದ್ದು ಅವರಿಗೆ ಅಷ್ಟಾಗಿ ತಟ್ಟಿರಲಿಲ್ಲ. ಸಂಜೆಯೊಳಗೆ ಇಡೀ ಸೆರೆಮನೆ, ನಾಳೆಯೊಳಗೆ ಇಡೀ ದೇಶ, ಅವನ ಕಾಫಿಯನ್ನು ಒಬ್ಬ ಹೆಂಗಸು ಬಿಟ್ಟು ಹೋದಳಂತೆ ಎನ್ನುತ್ತದೆ ಎಂಬುದು ತಟ್ಟಿತು. ಕಣ್ಣು ಮುಚ್ಚಿಕೊಂಡು ಕೂತರು. ಒಮ್ಮೆಲೇ ಮುಖ ಅರಳಿತು.

"ಆ ಹೊಸ ವಿಮಾನದವನಾ? ಎಂಥಾ ವಿಮಾನ ಅದು. ಮೈ ಮೇಲಿನ ಬಣ್ಣ ಕೂಡ ಸರಿಯಾಗಿ ಆರಿರಲಿಲ್ಲ."

ಹೂಜಿಯನ್ನು ಕೆಳಗಿಟ್ಟು ಮುಂದುವರಿಸಿದರು.

"ನನ್ನ ಮಾತು ಕೇಳದ ಆ ಜೊಂಡಿನ ಹಳ್ಳಿಗಳ ಮೇಲೆ ಬಾಂಬು ಹಾಕಿ ಬಾ ಅಂತ ಕಳಿಸಿದ್ರೆ, ಎಲ್ಲಾನೂ ಕೆರೆಗೆ ಸುರಿದು ವಾಪಸ್ ಬರ್ತಿದ್ದ. ಸತ್ತಿದ್ದು ಬರೀ ಮೀನು. ಅವನು ಇಳಿದ ಮೇಲೆ ಹೊಡೀರಿ ಅಂದಿದ್ದೆ. ಈ ಕತ್ತೆಗಳು ಮೇಲಿರುವಾಗಲೇ ಹೊಡೆದುಬಿಟ್ರು. ವಿಮಾನ ಹಾಳಾಯ್ತು."

"ಎಲ್ಲಿ ಬಿತ್ತು?" ಎಂದರು ಅತ್ತಿಗೆ.

"ಇಟ್ಟಿಗೆ ಗೂಡು ದಾಟಿದ ಮೇಲೆ ಉಪ್ಪು ನೆಲ ಇದೆಯಲ್ಲ, ಅಲ್ಲಿ. ನಮ್ಮ ವಿಮಾನ ನಾವೇ ಹೊಡೆದ್ವಿ ಅಂತ ಯಾರಿಗೂ ಗೊತ್ತಾಗಬಾರದು ಅಂತ ಮೇಲೆ ಮಣ್ಣು ಎಳೆಸಿದೆ. ಅವನೂ ಅದರೊಳಗೇ ಇದಾನೆ. ಈಗ ಕುಡಿ."

ಸಭಿಕರೇ, ಆ ಬಟ್ಟಲನ್ನು ಕಿತ್ತು ಅವನ ಮುಖಕ್ಕೆ ಎರಚಬೇಕು ಎಂದು ನನಗೆ ಅನಿಸಿತು. ನಿಮಗೂ ಅನಿಸುತ್ತಿರಬಹುದು. ಅತ್ತಿಗೆ ಹಾಗೆ ಮಾಡಲಿಲ್ಲ. ಬಟ್ಟಲು ಎತ್ತಿ, ತಣ್ಣನೆಯ ಕಾಫಿಯನ್ನು ಕೊನೆಯ ಹನಿಯವರೆಗೂ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಸ್ವಲ್ಪ ಹೊತ್ತು ಸೆರಗು ಬಾಯಿಯ ಮೇಲೆಯೇ ಇತ್ತು. ಆಮೇಲೆ, "ಏಲಕ್ಕಿ ಜಾಸ್ತಿಯಾಯ್ತು" ಎಂದರು.

ಸಾಕಾದರೆ ನಾವು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸುತ್ತೇವೆ. ಅತ್ತಿಗೆ ಅಲ್ಲಾಡಿಸಲಿಲ್ಲ. ಹಾಗೆಯೇ ಮುಂದಕ್ಕೆ ಚಾಚಿದರು. ಮಹಾನಾಯಕರಿಗೆ ಆದ ಸಂತೋಷ ಹೇಳತೀರದು. "ನನ್ನ ಕಾಫಿ ಯಾರಿಗೆ ತಾನೇ ರುಚಿಸಲ್ಲ" ಎನ್ನುತ್ತ ಕಂಠಪೂರ್ತಿ ಬಗ್ಗಿಸಿದರು.

ಅತ್ತಿಗೆ ಅದನ್ನು ತೆಗೆದುಕೊಂಡು ಮೊಣಕಾಲಿನ ಮುಂದೆ ನೆಲದ ಮೇಲೆ ಇಟ್ಟರು.

"ಇದು ನೂರಿಯಾ ಮಗನ್ದು. ಕಾಮಿಲ್ ಅಂತ. ಗಡಿಗೆ ಕಳಿಸಿದ್ರಿ. ಎಲ್ಲಿದಾನೆ?"

ಆ ಹೊತ್ತು ಆ ಮುಖ ನೋಡಬೇಕಿತ್ತು. ಇಷ್ಟು ದೊಡ್ಡ ಸೈನ್ಯ ಕಟ್ಟಿದವನು ಕಾವಲಿನವರ ಕಡೆ ತಿರುಗಿ, ಭೇಟಿಯ ಸಮಯ ಮುಗಿಯಲಿಲ್ಲವೇ ಎಂದು ಕೇಳಿದ. ಇನ್ನೂ ಇದೆ ಎಂದರು ರಾಫಿದ್ ಸಾಹೇಬರು. ಆ ದಿನ ಅವರು ಆಡಿದ ಒಂದೇ ಮಾತು ಅದು, ಆದರೆ ಒಳ್ಳೆಯ ಮಾತು.

ಕಾಮಿಲ್‌ನ ವಿಷಯ ಅಂದು ಹೊರಗೆ ಬರಲಿಲ್ಲ. ಅತ್ತಿಗೆ ತುಂಬಿದ ಬಟ್ಟಲನ್ನು ಅಲ್ಲಿಯೇ ಬಿಟ್ಟು, ಮುಂದಿನ ಗುರುವಾರ ಬರುತ್ತೇನೆ ಎಂದು ಹೇಳಿ ಎದ್ದರು. ಬಸ್ಸಿನಲ್ಲಿ ನಾನು ಕೇಳಿದೆ, "ಅತ್ತಿಗೆ, ನಿಮ್ಮನ್ನು ಕಂಡರೆ ಬಾಗಿಲು ಹಾಕ್ಕೊಂಡವಳು ಅವಳು. ಅವಳ ಮಗನ್ನ ಯಾಕೆ ಕೇಳಿದ್ರಿ?"

"ನನ್ನವನು ಸಿಕ್ಕಿದ. ಇನ್ನು ನಾನು ಮನೇಲಿ ಕೂತು ಆ ಮುಚ್ಚಿದ ಬಾಗಿಲನ್ನೇ ಎಷ್ಟು ದಿನ ನೋಡ್ಲಿ?"

ಉಪ್ಪು ನೆಲವನ್ನು ಅಗೆದೆವು. ನಿಬ್ರಾಸ್ ಅಲ್ಲಿದ್ದ. ಬೆಲ್ಟ್ ಕಟ್ಟಿಕೊಂಡೇ ಇದ್ದ. ಅವನನ್ನು ಮನೆಗೆ ತಂದು, ನಾನು ಹೊಲಿದ ಹಾಸಿಗೆಯ ಮೇಲೆ ಒಂದು ರಾತ್ರಿ ಮಲಗಿಸಿ, ಬೆಳಿಗ್ಗೆ ಅವನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಆ ಬೆಳಿಗ್ಗೆ ಎದುರು ಮನೆಯ ಬಾಗಿಲು ತೆರೆಯಿತು. ನೂರಿಯಾ ಹೊರಗೆ ಬಂದು ಅತ್ತಿಗೆಯ ಒಲೆ ಹೊತ್ತಿಸಿದರು.

ಅಂದಿನಿಂದ ಅತ್ತಿಗೆ ಒಂದು ಗುರುವಾರವೂ ತಪ್ಪಿಸಿಲ್ಲ. ಬೇರೆ ಬೇರೆ ಊರಿನ ತಾಯಂದಿರು ಜೊತೆಗೆ ಬರುತ್ತಾರೆ. ಎಲ್ಲರೂ ಸಾಲಾಗಿ ಕೂತು ಬಟ್ಟಲುಗಳನ್ನು ಮುಂದೆ ಇಟ್ಟುಕೊಳ್ಳುತ್ತಾರೆ. ಕೆಲವು ಬಟ್ಟಲು ಖಾಲಿಯಾಗಿವೆ, ಬಹಳಷ್ಟು ಆಗಿಲ್ಲ. ಕಳೆದ ತಿಂಗಳು ಮಹಾನಾಯಕರು ಆಯೋಗಕ್ಕೆ ಒಂದು ಅರಿಕೆ ಮಾಡಿಕೊಂಡರಂತೆ. ಎರಡು ಯುದ್ಧಗಳ ಹೊಣೆ ಹೊರುತ್ತೇನೆ, ಬೇಕಾದರೆ ಸೇತುವೆ ಕುಸಿದದ್ದರ ಹೊಣೆಯನ್ನೂ ಹೊರುತ್ತೇನೆ, ಆ ಹೆಂಗಸನ್ನು ಮಾತ್ರ ಕಳಿಸಬೇಡಿ, ಇಲ್ಲವೇ ನನಗೆ ಕಾಫಿಪುಡಿ ಕೊಡುವುದನ್ನು ನಿಲ್ಲಿಸಿ ಎಂದು. ಸಾಹೇಬರು ಕಾಫಿಪುಡಿಯನ್ನು ಹೆಚ್ಚಿಸಿದ್ದಾರೆ. ಸನ್ಮಾನ ಮಾಡುವುದಾದರೆ ಅವರಿಗೂ ಒಂದು ಶಾಲು ಹೊದಿಸಬೇಕೆಂದು ಈ ಸಭೆಯನ್ನು ಕೋರುತ್ತೇನೆ.

ಕಾಮಿಲ್‌ನ ಬಟ್ಟಲು ಇನ್ನೂ ತುಂಬಿಯೇ ಇದೆ. ನೂರಿಯಾ ಮುಂದಿನ ಸಾಲಿನಲ್ಲಿ ಅತ್ತಿಗೆಯ ಪಕ್ಕದಲ್ಲಿ ಕೂತಿದ್ದಾರೆ. ಇಬ್ಬರೂ ನನ್ನ ಕಡೆ, ಬೇಗ ಮುಗಿಸು ಎಂಬಂತೆ ನೋಡುತ್ತಿದ್ದಾರೆ. ಅದಕ್ಕೆ ಕಾರಣವಿದೆ. ನಾಳೆ ಗುರುವಾರ. ಬಸ್ಸು ಮಸೀದಿಯ ಮುಂದಿನಿಂದ ಮೊದಲ ಬಾಂಗಿನ ಹೊತ್ತಿಗೆ ಹೊರಡುತ್ತದೆ, ಹಿಂದಿನ ಸೀಟುಗಳು ಖಾಲಿ ಇವೆ. ನಿಮ್ಮ ಮನೆಯಲ್ಲಿ ಯಾರದಾದರೂ ಹೆಸರು ಕೇಳಬೇಕಾಗಿದ್ದರೆ, ಹೇಳಲು ಇಷ್ಟು ವರ್ಷ ಹೆದರಿಕೊಂಡಿದ್ದರೆ, ಬಂದು ಹತ್ತಿ ಕೂರಿ. ಮಾತಾಡಬೇಕಾಗಿಲ್ಲ. ಕುಡಿಯದೆ ಕೂತರೆ ಸಾಕು. ಗಂಡಸರೂ ಬರಬಹುದು, ಶೇಖರೂ ನಾನೂ ಬಸ್ಸಿನಲ್ಲೇ ಕಾಯುತ್ತೇವೆ.

ಹರಿದ ಮಾತನ್ನು ಇಷ್ಟು ಹೊತ್ತು ಸಹಿಸಿದ ನಿಮಗೆ, ಹಾಸಿಗೆ ಕೊಂಡು ಬೈದವರಿಗೂ ಸೇರಿಸಿ, ನನ್ನ ತುಂಬು ಮನಸ್ಸಿನ ವಂದನೆಗಳು. ನಮಸ್ಕಾರ.