ಬೆನೆಡಿಕ್ಟ್ ಹೇಳಿ ಮಾಡಿಸಿದ ಬಂದೂಕು

ಬ್ಯಾಲಿನ್‌ಕೊಲಿಗ್ ಊರಿನಲ್ಲಿ ಕೋವಿಡ್ ಲಸಿಕೆಯ ಸಾಲು. ನನ್ನ ಮುಂದೆ ಇಬ್ಬರು ಬೇಟೆಯ ಗೆಳೆಯರು.

“ಸೌರಭ್, ಬೆನೆಡಿಕ್ಟ್ ಹೇಳಿ ಮಾಡಿಸ್ತಿದ್ದ ಬಂದೂಕು ಇನ್ನು ನಂದು. ಬಂದೂಕು ಮಾಡೋರಿಗೆ ಬ್ಯಾರಲ್ ಇಪ್ಪತ್ತು ಇಂಚಿಗೆ ಕಟ್ ಮಾಡಿ ಅಂದೆ.”

“ಅವನನ್ನ ಕೇಳ್ದ್ಯಾ ಡೆರಿಕ್?”

“ಐಸಿಯುನಲ್ಲಿ ಬಾಯಿಗೆ ಟ್ಯೂಬ್ ಹಾಕಿರೋನನ್ನ ಏನು ಕೇಳ್ಲಿ?”

“ಅವನು ಆರಿಸಿದ್ದ ದೊಡ್ಡ ಗುಂಡಿನ ತೋಟಾಗೆ ಇಪ್ಪತ್ತು ಇಂಚು ಸಾಲಲ್ಲ. ಮದ್ದು ಪೂರ್ತಿ ಉರಿಯಲ್ಲ.”

“ಅದಕ್ಕೇ ಚಿಕ್ಕ ತೋಟಾ ಹೇಳಿದ್ದೀನಿ. ಭುಜಕ್ಕೆ ಒದೆಯೂ ಕಮ್ಮಿ.”

“ಜಿಂಕೆ ಉಸಿರಿಗೆ ಒದ್ದಾಡ್ಬಾರ್ದು ಅಂತ ತಾನೇ ಅವನು ದೊಡ್ಡದು ಆರಿಸಿದ್ದು?”

“ಒದ್ದಾಡ್ಲಿ ಬಿಡು. ಅವನೇ ಮೂರು ವಾರದಿಂದ ಒದ್ದಾಡ್ತಿಲ್ವಾ?”

ಇಬ್ಬರೂ ನಕ್ಕರು. ಸಾಲು ಮುಂದೆ ಸರಿಯಿತು.

“ಒಳಗೆ ಇಂಜೆಕ್ಷನ್ ಕೊಡೋಳು ಅವನ ತಂಗಿ ಹೆಲೆನ್. ಮುಖ ಸ್ವಲ್ಪ ಸಪ್ಪಗೆ ಇಟ್ಕೋ.”

“ಮಾಸ್ಕ್ ಇದ್ಯಲ್ಲ, ಸಾಕು, ಗ್ರ್ಯಾಂಡ್,” ಎಂದು ಡೆರಿಕ್ ಒಳಗೆ ಹೋದ.